ತಿಂಗಳ ಓದು

ಮಧ್ಯಾಹ್ನ ಎರಡಕ್ಕೆ ಜಗಳೂರಿನಲ್ಲಿ
ಎಚ್ಚರವಿರುವುದು ಮೀಟರುಗಳು ಮಾತ್ರ.
ಹಳೆಯವು ಗಾಣದೆತ್ತಿನ ಹಾಗೆ ಸುತ್ತುತ್ತವೆ
ಹೊಸವು ಕೆಂಪು ಕಣ್ಣು ಮಿಟುಕಿಸುತ್ತವೆ.
ಹೆಗಲಿಗೆ ಬಿಲ್ಲಿನ ಮಷೀನು, ತಲೆಗೆ ಸೆರಗು,
ಹನ್ನೊಂದು ವರ್ಷದಿಂದ
ಈ ಊರನ್ನು ಅಂಕಿಯಲ್ಲಿ ಓದುತ್ತಿದ್ದೇನೆ.

ಏನಿದೆ ಇಲ್ಲಿ, ಎನ್ನುತ್ತಾರೆ ವರ್ಗವಾಗಿ ಬಂದವರು.
ನಾನೂ ಯೋಚಿಸಿದ್ದೇನೆ, ಏನಿದೆ ಅಂತ.
ರೈಲಿಲ್ಲ.
ದಾವಣಗೆರೆ ದಾವಣಗೆರೆ ಎಂದು ಕೂಗುವ ಹುಡುಗ
ಬಸ್ಸು ಹೋದ ಮೇಲೆ
ತನ್ನ ದನಿ ತನಗೇ ಕೇಳಿಸಿ ನಾಚಿ ಕೂರುತ್ತಾನೆ.
ಗುಡ್ಡದ ಸಾಲಿಗೆ ನೆಟ್ಟ ಗಾಳಿಯಂತ್ರಗಳನ್ನು ತೋರಿಸಿ
ಪಾಲಕ್ಕಜ್ಜಿ ಪ್ರತಿ ಬೇಸಿಗೆಯಲ್ಲೂ ಹೇಳುತ್ತಾಳೆ,
ಇಷ್ಟ್ ದೊಡ್ಡ ಫ್ಯಾನ್ ಹಾಕಿದ್ರೂ ಧಗೆ ಹೋಗ್ಲಿಲ್ಲ ನೋಡವ್ವಾ,
ಈಗಷ್ಟೇ ಹೊಳೆದ ಹಾಗೆ.
ನಾನೂ ಈಗಷ್ಟೇ ಕೇಳಿದ ಹಾಗೆ ನಗುತ್ತೇನೆ.
ಸಾಲ ತೀರಿಸಲು ಇಲ್ಲಿ ನೂರು ದಾರಿ.

ಬಿಲ್ಲು ಈಗ ಸೊನ್ನೆ. ಓದು ಸೊನ್ನೆಯಲ್ಲ.
ಮೂವತ್ತೆಂಟರ ಮನೆಗೆ ಎಪ್ಪತ್ತು ಬಂದರೆ
ಬಾಣಂತಿ ಬಂದಿದ್ದಾಳೆ, ನೀರು ಕಾಯುತ್ತಿದೆ.
ತೊಂಬತ್ತು ಇದ್ದದ್ದು ಮೂವತ್ತಕ್ಕಿಳಿದರೆ
ಟೀವಿ ಕೆಟ್ಟಿದೆ, ಇಲ್ಲವೇ ನೋಡುತ್ತಿದ್ದ ಕಣ್ಣು.
ದಾದಾಪೀರ್ ಟೈಲರನ ಹಿಂದಿನ ಕೋಣೆ
ಒಂದು ತಿಂಗಳು ಇಡೀ ರಾತ್ರಿ ಉರಿಯಿತು;
ಮಗಳ ಲಗ್ನ ಮುರಿದ ತಿಂಗಳು.
ಹಬ್ಬದ ಹೊಲಿಗೆ ಜಾಸ್ತಿ ಅಂತೆ, ಅಂದಿತು ಊರು,
ಯಾವ ಹಬ್ಬವೂ ಇಲ್ಲದ ಆ ತಿಂಗಳಲ್ಲಿ.

ನಾನಾಗ ಗಮನಿಸಿರಲಿಲ್ಲ.
ಗಮನಿಸಿದ್ದು ನನ್ನ ಗಂಡ ಹೋದ ಮೇಲೆ.
ಸತ್ತದ್ದಲ್ಲ. ಚಳ್ಳಕೆರೆಯಲ್ಲಿ ಇನ್ನೊಂದು ಮನೆ ಮಾಡಿದ.
ಯಾವ ಬಸ್ಸು, ಯಾವ ಸೀಟು, ಬ್ಯಾಗಿನ ಬಣ್ಣ,
ಎಲ್ಲ ಊರಿಗೆ ನನಗಿಂತ ಮೊದಲೇ ಗೊತ್ತಿತ್ತು.
ಮಾರನೆಯ ದಿನ ಒಂದೊಂದು ಬಾಗಿಲಿಗೂ
ಒಂದೊಂದು ಸುಳ್ಳು ಮಡಚಿಟ್ಟುಕೊಂಡು ಹೊರಟೆ.
ನೂರ ನಲವತ್ತು ಮನೆ.
ಒಂದು ಸುಳ್ಳೂ ಖರ್ಚಾಗಲಿಲ್ಲ.
ಕುಂದ್ರವ್ವಾ ಅಂದರು. ಏನು ಬಿಸಿಲು ಅಂದರು.
ಹಾಲಿನ ಸಿದ್ಲಿಂಗಮ್ಮ ಅಳತೆಯ ಮೇಲೆ ಅಷ್ಟು ಸುರಿದು
ಕೈ ಜಾರ್ತು ಅಂದಳು.
ಇವತ್ತಿಗೂ ಜಾರುತ್ತಲೇ ಇದೆ.

ಸುಳ್ಳು ಹೇಳಬಾರದು, ಸಿಟ್ಟೂ ಬಂದಿತ್ತು.
ಒಬ್ಬರಾದರೂ ಕೇಳಬಾರದೆ,
ಹಂಗಿಸಬಾರದೆ, ನಾನು ಕಿರುಚಿ ಹಗುರಾಗುವಂತೆ?
ಹೆಸರಲ್ಲೇ ಜಗಳ ಇಟ್ಟುಕೊಂಡ ಊರು,
ಒಂದು ಜಗಳ ಕಡ ಕೊಡಲಿಲ್ಲ ನನಗೆ.
ಬಾಯಿಗೆ ಹತ್ತಿ ತುರುಕಿದ ಹಾಗೆ
ಮೆತ್ತಗೆ, ಎಲ್ಲ ಕಡೆಯಿಂದ, ಸುಮ್ಮನೆ.
ರಾತ್ರಿ ಎದ್ದು ಕೂತು ನನ್ನದೇ ಮೀಟರಿನ ಕೆಂಪು ಚುಕ್ಕಿ ನೋಡುತ್ತಿದ್ದೆ.
ಅದು ಎಣಿಸುತ್ತಿತ್ತು. ಅಷ್ಟೇ ಸಾಕಾಯಿತು ಎಷ್ಟೋ ರಾತ್ರಿ.

ಈ ತಿಂಗಳು,
ಕೆರೆ ಏರಿಯ ಪಕ್ಕದ ಬೀಗದ ಮನೆ.
ಐದು ಸಲ ಅದೇ ಅಂಕಿ ಬರೆದಿದ್ದೆ
ಈ ಸಲ ಏಳು ಮುಂದೆ.
ಬೀಗ ಹಾಗೇ ಇದೆ, ತುಕ್ಕು ಸಮೇತ.
ಕಿಟಕಿಯ ಸಂದಿಯಲ್ಲಿ ಒಣಗಲು ಹಾಕಿದ
ಅಂಗೈಯಷ್ಟು ಫ್ರಾಕು.
ಹಿತ್ತಲ ಮೆಟ್ಟಿಲ ಮೇಲೆ ಹಾಲಿನ ಚೊಂಬು.

ಏಳು ಅಂತ ಒತ್ತಿದೆ. ಮಷೀನು ಚೀಟಿ ಉಗುಳಿತು.
ಸದ್ದಾಗದ ಹಾಗೆ ಬಾಗಿಲ ಕೆಳಗೆ ತೂರಿಸಿದೆ;
ಒಳಗಿನಿಂದ ಯಾರೋ ಅದನ್ನು
ಸದ್ದಾಗದ ಹಾಗೆ ಎಳೆದುಕೊಂಡರು.

ಎದುರು ಕಟ್ಟೆಯ ಮೇಲೆ ಪಾಲಕ್ಕಜ್ಜಿ
ನನ್ನನ್ನೇ ನೋಡುತ್ತಿದ್ದಳು.
ಯಾರು ಅಂತ ನಾನು ಕೇಳಲಿಲ್ಲ.
ಎಷ್ಟು ಬಂತು ಅಂತ ಅವಳು ಕೇಳಲಿಲ್ಲ.
ಗುಡ್ಡದ ಕಡೆ ಕೈ ಮಾಡಿ,
ಇಷ್ಟ್ ದೊಡ್ಡ ಫ್ಯಾನ್ ಹಾಕಿದ್ರೂ, ಅಂದಳು.

ನಾನು ನಕ್ಕೆ.